ಕೂಡ್ರಿ

“ಏನೇ ಯಶೋದಾ, ಹೊಟ್ಟೆಯೊಳಗೆ ಭದ್ರಾ ಚಾನಲ್ ಐತೇನು ನಿಂಗೆ? ಬಾಗ್ಲು ತೆಗ್ದು ಇನ್ನೂ ಊದಿನಕಡ್ಡಿ ಆರಿಲ್ಲ, ಆಗ್ಲೇ ಹೋಗ್ಬೇಕಾ?”

ಬಸವಕಿರಣ್ ಇದನ್ನು ಮೆಲ್ಲಗೆ ಹೇಳಲಿಲ್ಲ. ಮೆಲ್ಲಗೆ ಹೇಳಿದ್ದರೆ ಬೈಗುಳವಾಗುತ್ತಿತ್ತು. ಎಲ್ಲರಿಗೂ ಕೇಳುವಂತೆ ಹೇಳಿದ್ದರಿಂದ ತಮಾಷೆಯಾಯಿತು. ಶರ್ಟಿಂಗ್ ಕೌಂಟರಿನ ಹುಡುಗರು ನಕ್ಕರು. ರೇಷ್ಮೆ ಕೌಂಟರಿನ ಹೆಂಗಸರು ನಗಲಿಲ್ಲ, ಆದರೆ ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚತೊಡಗಿದರು. ಯಶೋದಾ ತಾನೂ ಸ್ವಲ್ಪ ನಕ್ಕಳು. ಫ್ಲೋರ್ ಮ್ಯಾನೇಜರ್ ತಮಾಷೆ ಮಾಡಿದಾಗ, ತಮಾಷೆಗೆ ಸಿಕ್ಕಿಬಿದ್ದವರೂ ನಗಬೇಕು. ಅದು ಆ ಶೋರೂಮಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾಯಿದೆ.

“ಉರಿ ಐತೆ ಸಾರ್. ಜ್ವರಾನೂ ಬಂದಂಗಾಗೈತೆ. ತಡಕೋಬಾರ್ದು ಅಂತ ಡಾಕ್ಟ್ರು ಹೇಳ್ಯಾರೆ…”

“ಹೇಳ್ತಾರಮ್ಮ, ಡಾಕ್ಟ್ರು ಕುರ್ಚಿ ಮ್ಯಾಲೆ ಕುಂತು ಹೇಳ್ತಾರೆ. ಊಟದ ಟೈಮಿಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಾ. ಇವತ್ತು ಕಡರನಾಯಕನಹಳ್ಳಿಯಿಂದ ಮದುವಿ ಪಾರ್ಟಿ ಬರ್ತೈತೆ. ಧಣಿಗಳಿಗೆ ಬೇಕಾದೋರು. ಬ್ರೈಡಲ್‌ನಾಗೆ ನೀನೇ ನಿಂದ್ರಬೇಕು ಅಂತ ಧಣಿಗಳೇ ಫೋನ್ ಮಾಡಿ ಹೇಳ್ಯಾರೆ. ಹ್ಞೂಂ, ನಿಂದ್ರು.”

ನಿಂತೇ ಇದ್ದವಳು ನಿಂತಳು.

ಅವಳ ಕೆಲಸವೇ ಅದು. ಬಂದವರಿಗೆ “ಬರ್ರಿ, ಕೂಡ್ರಿ” ಅನ್ನುವುದು, ತಾನು ನಿಲ್ಲುವುದು. ಮಂಡಿಪೇಟೆಯ ಹಳೆಯ ಬಟ್ಟೆ ಅಂಗಡಿಗಳಲ್ಲಿ ಸೀರೆ ತೋರಿಸುವವನೂ ಗಾದಿಯ ಮೇಲೇ ಕೂತಿರುತ್ತಿದ್ದ. ಕೊಳ್ಳುವವರೂ ಅದೇ ಗಾದಿಯ ಅಂಚಿಗೆ ಕೂರುತ್ತಿದ್ದರು. ಇಲ್ಲಿ ಹಾಗಲ್ಲ. ಇಲ್ಲಿ ಗಿರಾಕಿಗೆ ಮೆತ್ತನೆಯ ಸ್ಟೂಲು, ಮದುವೆಯ ಪಾರ್ಟಿಗೆ ಸೋಫಾ. ಕೌಂಟರಿನ ಈಚೆ ಕೂರುವುದಕ್ಕೆ ಏನೂ ಇಲ್ಲ. ಮರೆತೂ ಯಾರೂ ಕೂರಬಾರದೆಂದು ಪ್ರತಿ ಮೂಲೆಯಲ್ಲೂ ಕ್ಯಾಮೆರಾ ಇದೆ. ಸುಷ್ಮಾ ಅಂತ ಒಬ್ಬಳಿದ್ದಳು, ಬಸುರಿ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸೀರೆಯ ಖಾಲಿ ಪೆಟ್ಟಿಗೆಯ ಮೇಲೆ ಕೂತಳು. ಕ್ಯಾಮೆರಾ ನೋಡಿತು. ಮರುದಿನ ಅವಳು ಬಂದಾಗ ಬಾಗಿಲಲ್ಲೇ ಯೂನಿಫಾರಂ ಸೀರೆ ಬಿಚ್ಚಿಕೊಡು ಅಂದರು. ಬೇರೆ ಸೀರೆ ತಂದಿರಲಿಲ್ಲ ಅವಳು. ರೇಷ್ಮೆ ಕೌಂಟರಿನ ಬುಷ್ರಾ ತನ್ನ ಬುರ್ಖಾ ಕೊಟ್ಟು ಅವಳನ್ನು ಆಟೋ ಹತ್ತಿಸಿದಳು. ಅಂದಿನಿಂದ ಕೂರುವ ಆಸೆ ಬಂದಾಗಲೆಲ್ಲ ಯಶೋದಾಳ ಕಣ್ಣಿಗೆ ಬುರ್ಖಾದೊಳಗಿನ ಆ ಹೊಟ್ಟೆ ಕಾಣುತ್ತಿತ್ತು.

ಕೆಲಸದವರಿಗೆ ಪಾಯಖಾನೆ ಇರಲಿಲ್ಲ ಅಂತಲ್ಲ. ಇತ್ತು. ಹಿಂದಿನ ಓಣಿಯಲ್ಲಿ, ಬಾಗಿಲ ಮೇಲೆ ಹೆಂಗಸಿನ ಚಿತ್ರವೂ ಇತ್ತು. ಶೋರೂಮು ತೆರೆದ ಹೊಸದರಲ್ಲಿ ಅದರೊಳಗೆ ಸರಕು ಇಟ್ಟರು. ಆಮೇಲೆ ಹಳೆಯ ಬೊಂಬೆಗಳನ್ನು ಇಟ್ಟರು. ಸೀರೆ ಉಡಿಸಿ ಗಾಜಿನ ಹಿಂದೆ ನಿಲ್ಲಿಸುವ ಬೊಂಬೆಗಳು. ಯಶೋದಾ ಒಮ್ಮೆ ಆ ಬಾಗಿಲು ತೆಗೆದು ನೋಡಿದ್ದಳು. ಬೊಂಬೆಗಳು ಬತ್ತಲೆಯಾಗಿ ಒತ್ತೊತ್ತಾಗಿ ನಿಂತಿದ್ದವು. ಒಂದಂತೂ ಪಾಯಖಾನೆಯ ಕಲ್ಲಿನ ಮೇಲೇ ನಿಂತು, ಕೈ ಮುಂದೆ ಚಾಚಿ ನಗುತ್ತಿತ್ತು. ಅದಕ್ಕೆ ಕೂರುವ ಹಂಗಿಲ್ಲ, ಹೋಗುವ ಹಂಗೂ ಇಲ್ಲ. ಧಣಿಗಳಿಗೆ ಇಂಥವರೇ ಬೇಕಾಗಿತ್ತು, ಸಿಗದೆ ನಮ್ಮನ್ನು ಇಟ್ಟುಕೊಂಡಿದ್ದಾರೆ ಅಂತ ಅನಿಸಿ ಬಾಗಿಲು ಹಾಕಿಕೊಂಡು ಬಂದಿದ್ದಳು.

ಹಾಗಾಗಿ ಅವರು ನೀರು ಕುಡಿಯುವುದನ್ನೇ ಬಿಟ್ಟರು. ಮನೆಯಿಂದ ಹೊರಡುವಾಗ ಬಾಯಿ ಮುಕ್ಕಳಿಸುವುದು, ಊಟಕ್ಕೆ ಒಂದು ಗುಟುಕು. ಬುಷ್ರಾ ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುವವಳು. “ನಾನು ರಂಜಾನ್ ಇಲ್ದಿದ್ರೂ ರೋಜಾನೇ ಅಕ್ಕಾ” ಅನ್ನುತ್ತಿದ್ದಳು. ಅವಳ ಅಪ್ಪ ಹಯಾತ್ ಸಾಬ್ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ತಿರುಗಿಸುತ್ತಿದ್ದವನು. ಕಾರ್ಖಾನೆ ಮುಚ್ಚಿತು. ಈಗ ಅದರ ಕಾಂಪೌಂಡಿನೊಳಗೆ ಜಾಲಿ ಬೆಳೆದಿದೆ. ಆ ಕಡೆ ಬಸ್ಸು ಹಾದಾಗ ಬುಷ್ರಾ ಇನ್ನೊಂದು ಕಿಟಕಿಯ ಕಡೆ ನೋಡುತ್ತಾಳೆ.

ಯಶೋದಾಳಿಗೆ ಹಾಗೆ ಬೇರೆ ಕಡೆ ನೋಡುವ ಅನುಕೂಲವಿರಲಿಲ್ಲ. ಅವಳ ಅವ್ವ ದುಡಿದ ಹತ್ತಿ ಮಿಲ್ಲು ಇದ್ದದ್ದು ಈಗ ಅವಳು ನಿಂತ ಜಾಗದಲ್ಲೇ. ಶೋರೂಮಿಗೆ ದೊಡ್ಡ ಹೆಸರೊಂದು ಉಂಟು, ದೀಪದ ಅಕ್ಷರಗಳಲ್ಲಿ. ಆದರೆ ಊರಿನವರ ಬಾಯಲ್ಲಿ ಅದು ‘ಮಿಲ್ ಮಾಲ್’. ಆಟೋದವರಿಗೆ ಹಾಗಂದರೇ ಗೊತ್ತು. ಮಿಲ್ಲು ಬಿದ್ದ ಮೇಲೆ ಕೆಲವು ವರ್ಷ ಅದು ಮೆಕ್ಕೆಜೋಳದ ಗೋದಾಮಾಗಿತ್ತು, ಆಮೇಲೆ ಸರ್ಕಸ್ಸು, ಎಗ್ಸಿಬಿಷನ್ನು ನಡೆಯುವ ಬಯಲಾಗಿತ್ತು, ಆಮೇಲೆ ಈ ಗಾಜಿನ ಕಟ್ಟಡ ಎದ್ದಿತು. ಎಲ್ಲ ಕೆಡವಿದವರು ಚಿಮಣಿಯೊಂದನ್ನು ಬಿಟ್ಟರು. ಅದಕ್ಕೆ ಬಣ್ಣ ಬಳಿದು ದೀಪದ ಸರ ಸುತ್ತಿದ್ದಾರೆ. ನೆಲಮಹಡಿಯ ಹಿಂಬದಿಯಲ್ಲಿ ಬ್ರೈಡಲ್ ವಿಭಾಗ. ಅದರ ಒಂದು ಗೋಡೆ ಪೂರಾ ಗಾಜು. ಆ ಗಾಜಿನಾಚೆ ಚಿಮಣಿ. ಮದುಮಕ್ಕಳು ಅದನ್ನು ಹಿಂದಿಟ್ಟುಕೊಂಡು ಫೋಟೋ ಹೊಡೆಸಿಕೊಳ್ಳುತ್ತಾರೆ.

ಅವ್ವ ಅಂಜಿನವ್ವ ರೀಲಿಂಗ್ ಖಾತೆಯಲ್ಲಿದ್ದಳು. ನೂಲು ಲಡಿ ಸುತ್ತುವ ಕೆಲಸ. ಆ ಖಾತೆಯ ಹೆಂಗಸರು ಹೊರಕಡೆಗೆ ಅಂತ ಹೋಗುತ್ತಿದ್ದದ್ದು ಬಾಯ್ಲರಿನ ಬೂದಿಗುಡ್ಡೆಯ ಹಿಂದಕ್ಕೆ. ಗಂಡಸರು ಬೀಡಿ ಸೇದುವ ನೆವದಲ್ಲಿ ಅಲ್ಲೇ ಸುಳಿಯುತ್ತಿದ್ದರು. ಪಾಯಖಾನೆ ಕಟ್ಟಿಸಿ ಅಂತ ಕೇಳಿ ಕೇಳಿ ಸಾಕಾಗಿ ಒಂದು ದಿನ ಹೆಂಗಸರೆಲ್ಲ ಮಷೀನು ನಿಲ್ಲಿಸಿ ನೆಲದ ಮೇಲೆ ಕೂತರು. ಈ ಕಥೆಯನ್ನು ಅವ್ವ ಎಷ್ಟೋ ಸಲ ಹೇಳಿದ್ದಳು. ಹೇಳುವಾಗ ದನಿ ಏರುತ್ತಿರಲಿಲ್ಲ.

“ಕೂಗ್ಲಿಲ್ಲ ಕಣೇ. ಬೋರ್ಡು ಗೀರ್ಡು ಹಿಡೀಲಿಲ್ಲ. ಕುಂತ್ವಿ ಅಷ್ಟೇ. ಮ್ಯಾನೇಜರು ಬಂದ, ಎದ್ದೇಳ್ರಿ ಅಂದ. ನಮ್ಮ ಮ್ಯಾಲಿನ ಮೇಸ್ತ್ರಿ, ಜಾಬರ್ ಕರಿಯಾ ಬಂದು ಸೂಳೇರಾ ಅಂದ. ಅಂದ್ಕಳ್ಳಪ್ಪ. ಚಿಮಣಿ ಪಕ್ಕ ಗೌಂಡಿ ಬಂದು ಇಟ್ಟಿಗೆ ಇಡೋ ಗಂಟ ಏಳ್ಲಿಲ್ಲ ನಾವು. ಅಂಡು ಮರಗಟ್ಟಿ ಹೋಗಿದ್ವು.”

ಅಷ್ಟು ಹೇಳಿ ಕೆಮ್ಮುತ್ತಿದ್ದಳು. ಹತ್ತಿಯ ಧೂಳು ಮಿಲ್ಲಿಗಿಂತ ಹೆಚ್ಚು ಕಾಲ ಅವಳ ಎದೆಯಲ್ಲಿ ಉಳಿದಿತ್ತು. ಈಗ ವಿನೋಬನಗರದ ಆ ಒಂದು ಕೋಣೆಯ ಮನೆಗೆ ಯಶೋದಾಳ ನಿಲ್ಲುವ ಕೆಲಸವೊಂದೇ ಆಸರೆ. ಅವಳ ಗಂಡ ಲಾರಿ ಹತ್ತಿ ಹೋದವನು ಇನ್ನೂ ಇಳಿದಿಲ್ಲ.

ಊಟದ ಹೊತ್ತು ಬಂತು. ಊಟಕ್ಕೆ ಬಿಡಲಿಲ್ಲ. ಪಾರ್ಟಿ ಬಾತಿ ಊರು ದಾಟಿದೆ, ಇನ್ನೇನು ಬಂದುಬಿಡುತ್ತೆ ಅಂತ ಬಸವಕಿರಣ್ ಫೋನು ಕಿವಿಗಿಟ್ಟುಕೊಂಡು ಓಡಾಡುತ್ತಿದ್ದ. ಯಶೋದಾ ಧಾರೆ ಸೀರೆಗಳನ್ನು ಜೋಡಿಸಿಕೊಂಡು ನಿಂತಳು. ಉರಿ ಸ್ವಲ್ಪ ಹೊತ್ತು ಇತ್ತು, ಆಮೇಲೆ ಅದೂ ಮಂಕಾಯಿತು. ಪಾದದಿಂದ ಜೋಮು ಹತ್ತಿ ಮೊಣಕಾಲು ದಾಟಿತ್ತು. ಕಾಲುಗಳು ಎಲ್ಲೋ ಕೆಳಗೆ, ಬೇರೆ ಯಾರದೋ ಆಗಿದ್ದವು. ಅದು ಅವಳಿಗೆ ಹೊಸದಲ್ಲ. ಹಾಗಾದಾಗ ಒಳ್ಳೆಯದೇ ಅನಿಸುತ್ತಿತ್ತು, ತನ್ನದಲ್ಲದ್ದು ನೋಯುವುದಿಲ್ಲ.

ಆಗ ಮುಂಬಾಗಿಲಿನಿಂದ ಅವ್ವ ಬಂದಳು.

ಬಾಗಿಲು ಕಾಯುವವನು ಅದೇ ಕರಿಯಣ್ಣ, ಮಿಲ್ಲಿನ ಹಳೆಯ ಜಾಬರ್. ಈಗ ಕಾರಿನಿಂದ ಇಳಿದವರಿಗೆಲ್ಲ ಸೆಲ್ಯೂಟ್ ಹೊಡೆಯುತ್ತಾನೆ. ಹಿಂದಿನ ಶಟರು ಹಾಕಿದ್ದರಿಂದ ಅಂಜಿನವ್ವನನ್ನು ಮುಂದಿನಿಂದಲೇ ಬಿಟ್ಟಿದ್ದ. ಅವಳು ಗುಡಿಗೆ ಬಂದವಳ ಹಾಗೆ ಚಪ್ಪಲಿ ಹೊರಗೆ ಬಿಟ್ಟಿದ್ದಳು. ಕೈಯಲ್ಲಿ ಹಳೆಯ ಟವೆಲು ಸುತ್ತಿದ ಬಾಟಲಿ.

“ಬಾರ್ಲಿ ನೀರು” ಅಂದಳು. “ಬೆಳಗ್ಗೆ ಮುಟ್ಟಿ ನೋಡ್ದೆ, ಮೈ ಕೆಂಡ ಆಗಿತ್ತು. ಕುಡಿ. ಪೂರಾ ಕುಡೀಬೇಕಂತೆ.”

“ಆಮೇಲೆ ಕುಡೀತೀನಿ, ಹೋಗು ಯವ್ವಾ.”

“ಆಮೇಲೆ ಯಾಕ? ಈಗ ಕುಡಿ.”

ಯಶೋದಾ ಬಾಟಲಿಯನ್ನು ಕೌಂಟರಿನ ಪಕ್ಕ ನೆಲದ ಮೇಲಿಟ್ಟಳು. ಅಷ್ಟರಲ್ಲಿ ಬಸವಕಿರಣ್ ಬಂದ.

“ಯಾರಿದು?”

“ನಮ್ಮವ್ವ ಸಾರ್. ಈಗ ಹೋಗ್ತಾಳೆ.”

“ತಮ್ಮಾ” ಅಂದಳು ಅಂಜಿನವ್ವ. ಬಿಸಿಲಲ್ಲಿ ನಡೆದು ಬಂದವಳು. ಎಸಿಯ ಗಾಳಿ, ಬರಿಗಾಲಿಗೆ ಮಂಜುಗಡ್ಡೆಯಂಥ ಕಲ್ಲು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟುಕೊಂಡಳು. “ಒಂದಕ್ಕೆ ಹೋಗ್ಬೇಕಾಗಿತ್ತು. ಎಲ್ಲೈತೆ?”

“ಇಲ್ಲಿಲ್ಲ.”

“ಇಲ್ದೆ ಇರ್ತೈತಾ ಇಷ್ಟು ದೊಡ್ಡ ಮನಿಯಾಗೆ? ಅಗೋ, ಅಲ್ಲಿ ಹೆಣ್ಣಿಂದು ಗೊಂಬಿ ಬರ್ದೈತಲ್ಲ.”

“ಅದು ಕಸ್ಟಮರಿಗೆ.”

“ಹಂಗಾರೆ ನಾನೂ ಕಸ್ಟಮರೇ ಬಿಡು. ಒಂದು ಕರ್ಚೀಪು ತೋರ್ಸು. ಧಾರೆಗೆ ಹಿಡ್ಕಳಂಥದ್ದು ತೋರ್ಸು, ಚೆನ್ನಾಗಿರ್ಬೇಕು ಮತ್ತೆ.”

ಶರ್ಟಿಂಗಿನ ಹುಡುಗರು ನಕ್ಕರು. ಬೆಳಗ್ಗೆ ನಕ್ಕವರೇ. ಈ ಸಲ ತಮಾಷೆಗೆ ಸಿಕ್ಕಿಬಿದ್ದವನು ಬಸವಕಿರಣ್, ಆದರೆ ಅವನು ನಗಲಿಲ್ಲ. ಅವನ ಕಿವಿ ಕೆಂಪಗಾಯಿತು.

“ಏ ಮುದುಕಿ, ಒಳಗೆ ಬಿಟ್ಟಿದ್ದೇ ಹೆಚ್ಚು. ನಿಮ್ಮಂಥೋರು ಹೋಗಿ ಬಂದ ಟಾಯ್ಲೆಟ್ಟಿಗೆ ನಾಳೆ ಯಾವ ಕಸ್ಟಮರ್ ಕಾಲಿಡ್ತಾರೆ? ನಡಿ ಆಚೆಗೆ.”

ನಿಮ್ಮಂಥೋರು. ಯಶೋದಾಳನ್ನು ಕೆಲಸಕ್ಕೆ ತೆಗೆದುಕೊಂಡ ದಿನವೂ ಅವನು ಕೇಳಿದ್ದ: ವಿನೋಬನಗರದಾಗೆ ಯಾವ ಕಡೆ? ಅವಳು ಹೇಳಿದ್ದಳು. ಹ್ಞಾ, ಆ ಕಡೆಯಾ, ಅಂದಿದ್ದ. ಅಂದಿನಿಂದ ಅವಳು ಕುಡಿದ ಲೋಟ ಬೇರೆಯಾಗಿತ್ತು. ಯಾರೂ ಹೇಳಿರಲಿಲ್ಲ. ಲೋಟವೇ ತನ್ನಷ್ಟಕ್ಕೆ ಬೇರೆಯಾಗಿ ಕೂತಿತ್ತು.

ಅಂಜಿನವ್ವ ಗಾಜಿನಾಚೆಯ ಚಿಮಣಿಯನ್ನು ನೋಡಿದಳು. ಅದರ ಬುಡ ನೋಡಿದಳು, ಬುಡದಿಂದ ಈಚೆಗೆ ನೆರಳು ಬಿದ್ದ ಜಾಗ ನೋಡಿದಳು. ಕತ್ತು ಓರೆ ಮಾಡಿ ಮನಸ್ಸಿನಲ್ಲೇ ಏನನ್ನೋ ಅಳೆದಳು. ಆಮೇಲೆ ಹೆಜ್ಜೆ ಹಾಕಿದಳು. ಬಾಗಿಲಿನ ಕಡೆಗಲ್ಲ, ಒಳಗೆ, ಸೋಫಾದ ಪಕ್ಕದ ಕಂಬದ ಹತ್ತಿರಕ್ಕೆ.

“ಯವ್ವಾ, ಎಲ್ಲಿಗೆ?”

“ಇಲ್ಲೇ ಇತ್ತು ಕಣೇ.”

ಸೀರೆ ಒಂಚೂರು ಎತ್ತಿ, ಸ್ವಂತ ಹೊಲದ ಬದುವಿನಲ್ಲಿ ಕೂತಷ್ಟು ಸಲೀಸಾಗಿ ಅವಳು ಕಂಬದ ಮರೆಗೆ ಕೂತಳು. ಶೋರೂಮಿನ ಸ್ಪೀಕರುಗಳಲ್ಲಿ ಇಡೀ ದಿನ ಮಂಗಳವಾದ್ಯ ಬರುತ್ತದೆ. ಅದರ ನಡುವೆಯೂ ಆ ಸದ್ದು ಎಲ್ಲರಿಗೂ ಕೇಳಿಸಿತು. ಬಿಳಿಯ ಕಲ್ಲಿನ ಮೇಲೆ ನೀರು ಕಾಲುವೆ ಮಾಡಿಕೊಂಡು ಸೋಫಾದ ಕಡೆ ಹರಿಯಿತು.

ಅಂಜಿನವ್ವ ಕಂಬ ಹಿಡಿದು ಎದ್ದಳು, ನೆರಿಗೆ ಸರಿಮಾಡಿಕೊಂಡಳು.

“ನಮ್ಮ ಪಾಯಖಾನೆ ಇದು. ಗುದ್ದಾಡಿ ತಗಂಡಿದ್ದು. ಬಾಗ್ಲಿಲ್ಲ ಅಂಬೋದೊಂದು ಬಿಟ್ರೆ ಜಾಗ ಅದೇ.”

“ಥೂ ನಿನ್ನ… ಹಲ್ಕಟ್ ಮುಂಡೆ!” ಬಸವಕಿರಣನಿಗೆ ಉಸಿರು ಬಂತು. “ಕರಿಯಣ್ಣಾ! ಏ ಕರಿಯಣ್ಣಾ! ಇವಳ್ನ ರಟ್ಟೆ ಹಿಡ್ದು ಎಳ್ಕಂಡೋಗು.”

ಅವನ ಕೈಯಲ್ಲಿದ್ದ ಫೋನು ಬಡಿದುಕೊಂಡಿತು, ಧಣಿಗಳದು. ಅವನು ಕ್ಯಾಮೆರಾದ ಕಡೆ ನೋಡಿ ಮಾತಾಡಿದ. “ಹ್ಞಾ ಸಾರ್… ನೋಡ್ದೆ ಸಾರ್… ಆ ಯಶೋದಾನ ತಾಯಿ ಸಾರ್… ಅವಳ ಕೈಲೇ ಮಾಡಿಸ್ತೀನಿ ಸಾರ್. ಪಾರ್ಟಿ ಬರೋದ್ರೊಳಗೆ.”

ಕರಿಯಣ್ಣ ಬಂದ. ರಟ್ಟೆ ಹಿಡಿಯಲಿಲ್ಲ. “ಬಾ ಅಂಜಿನಕ್ಕ” ಅಂದ.

“ಏನಲೇ ಕರಿಯಾ, ಆವತ್ತು ಎದ್ದೇಳ್ರಿ ಸೂಳೇರಾ ಅಂದಿದ್ದಿ. ಇವತ್ತು ಅಕ್ಕ ಆದ್ನಾ?”

“ಬಾರಕ್ಕ, ಕೈ ಮುಗೀತೀನಿ. ನಂದೂ ಕೆಲಸ ಹೋಗ್ತೈತೆ.”

ಅವಳು ಹೋಗುವಾಗ ಮಗಳ ಕಡೆ ನೋಡಿದಳು. ಬೇಜಾರೂ ಇರಲಿಲ್ಲ, ಕ್ಷಮೆ ಕೇಳುವ ನೋಟವೂ ಅಲ್ಲ. “ನೀರು ಕುಡಿ” ಅಂದಳು, ಅಷ್ಟೇ.

“ಒರ್ಸು” ಅಂದ ಬಸವಕಿರಣ್.

ಯಶೋದಾ ಮಾಪು ತರಲು ಹಿಂದಿನ ಓಣಿಯ ಕಡೆ ತಿರುಗಿದಳು.

“ಮಾಪು ಮುಟ್ಬ್ಯಾಡ! ಅದನ್ನ ದೇವರ ಫೋಟೋ ಮುಂದೆನೂ ಹಾಕ್ತಾರೆ. ಸೆರಗಿಲ್ವಾ ನಿಂಗೆ?” ಅಂದವನು ಅವಳ ಸೆರಗು ನೋಡಿ ತನ್ನ ಮಾತನ್ನು ತಾನೇ ತಿದ್ದಿಕೊಂಡ. “ಯೂನಿಫಾರಂ ಕೆಡಿಸ್ಬ್ಯಾಡ, ಅದು ಕಂಪನೀದು. ನಿಮ್ಮವ್ವ ತಂದ್ಲಲ್ಲ ಆ ಟವೆಲ್ಲು, ಅದ್ರಾಗೆ ಒರ್ಸು. ಒಣಗೋ ಗಂಟ ಒರ್ಸು.”

ಬುಷ್ರಾ ಕೌಂಟರಿನ ಹಿಂದಿನಿಂದ “ಸಾರ್, ನಾನು ಒರಸ್ತೀನ್ರಿ, ಅಕ್ಕಂಗೆ ಜ್ವರ ಐತೆ” ಅಂದಳು.

“ನಿಂಗ್ಯಾರು ಕೇಳಿದ್ರು? ಬಾಯ್ಮುಚ್ಕಂಡು ನಿಂದ್ರು.”

ಯಶೋದಾ ಬಾಟಲಿಗೆ ಸುತ್ತಿದ್ದ ಟವೆಲು ಬಿಚ್ಚಿದಳು. ಬಾಟಲಿಯನ್ನೂ ಎತ್ತಿಕೊಂಡು ಕಂಬದ ಹತ್ತಿರ ಹೋದಳು. ಮೊಣಕಾಲು ಬಗ್ಗಿಸಿದಳು.

ಮೊಣಕಾಲು ಬಗ್ಗಿತು. ಬೆಳಗಿನಿಂದ ಮೊದಲ ಸಲ. ಬೆನ್ನಿನ ಕೆಳಗೆ ಗಂಟು ಹಾಕಿದ್ದು ಏನೋ ಸಡಿಲಾಯಿತು. ಅವಳು ನೆಲದ ಮೇಲೆ ಕೈಯಾಡಿಸುತ್ತಾ ಒರೆಸಿದಳು. ನಾಚಿಕೆ ಆಗಬೇಕಾಗಿತ್ತು. ಶರ್ಟಿಂಗಿನ ಹುಡುಗರು ನೋಡುತ್ತಿದ್ದರು, ಗಿರಾಕಿಗಳಿಬ್ಬರು ಮೂಗಿಗೆ ಬಟ್ಟೆ ಹಿಡಿದು ನೋಡುತ್ತಿದ್ದರು, ಮೇಲಿನಿಂದ ಕ್ಯಾಮೆರಾ ನೋಡುತ್ತಿತ್ತು. ಆದರೆ ನಾಚಿಕೆ ಬರುವ ದಾರಿಯಲ್ಲಿ ಸುಖ ಅಡ್ಡ ಕೂತಿತ್ತು. ಕಾಲುಗಳ ಸುಖ. ಅವಳು ಒಂದು ಕಡೆ ಒರೆಸಿ, ಒಣಗಿದ ಕಡೆಯೂ ಒರೆಸಿದಳು. ಎದ್ದುಬಿಟ್ಟರೆ ಇದು ಮುಗಿದುಹೋಗುತ್ತದಲ್ಲ ಅಂತ. ಅವ್ವನ ಉಚ್ಚೆ ಒರೆಸಲು ಸಿಕ್ಕಿದ್ದರಿಂದ ತನಗೆ ಕೂರಲು ಸಿಕ್ಕಿದೆ ಅಂತ ಅವಳಿಗೆ ಹೊಳೆದದ್ದು ಆಗ. ಟವೆಲನ್ನು ಮಡಚಿ ಕಂಬದ ಬುಡಕ್ಕಿಟ್ಟಳು. ಕಾಲು ಮುಂದಕ್ಕೆ ಚಾಚಿ, ಕಂಬಕ್ಕೆ ಬೆನ್ನು ಕೊಟ್ಟು, ಸರಿಯಾಗಿ ಕೂತಳು.

“ಆತಲ್ಲ, ಏಳು.”

ಅವಳು ಏಳಲಿಲ್ಲ.

“ಏಳೇ! ಪಾರ್ಟಿ ಪಾರ್ಕಿಂಗ್‌ಗೆ ಬಂದೈತೆ.”

ಯಶೋದಾ ಕೈ ಚಾಚಿ ಪಕ್ಕದಲ್ಲಿದ್ದ ಬಾಟಲಿ ತೆಗೆದುಕೊಂಡಳು. ಮುಚ್ಚಳ ತಿರುಗಿಸಿದಳು. ಕುಡಿದಳು. ಬಾರ್ಲಿ ನೀರು ಇನ್ನೂ ಬೆಚ್ಚಗಿತ್ತು, ಉಪ್ಪು ಸ್ವಲ್ಪ ಹೆಚ್ಚು. ಗಟಗಟ ಕುಡಿದಳು. ಗಲ್ಲದಿಂದ ಇಳಿದು ಕಂಪನಿಯ ಸೀರೆಯ ಮೇಲೆ ಬಿತ್ತು.

“ಕುಡೀತಾಳೆ ನೋಡು! ಏನ್ ಸೊಕ್ಕೇ ನಿಂದು, ಬೋಳಿ! ಸುಷ್ಮಾಗೆ ಏನಾತು ನೆನಪೈತಾ? ನಾಳೆಯಿಂದ ಯಾವ ಅಂಗಡಿ ಮೆಟ್ಲೂ ಹತ್ತದಂಗೆ ಮಾಡ್ತೀನಿ.”

ಅವಳಿಗೆ ನೆನಪಿತ್ತು. ಈಗ ಭಯ ಬರಬೇಕಿತ್ತು. ತಡವಾದ ಬಸ್ಸಿಗೆ ಕಾಯುವ ಹಾಗೆ ಅವಳು ಅದಕ್ಕಾಗಿ ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಕೆಲಸ ಹೋಯಿತು ಅಂತ ತಿಳಿಯುತ್ತಿತ್ತು, ನಾಳೆ ಒಲೆಯ ಮುಂದೆ ಅವ್ವ ಕೆಮ್ಮುತ್ತಾ ಕೂತಿರುವುದೂ ಕಾಣುತ್ತಿತ್ತು, ಆದರೆ ಎಲ್ಲ ಗಾಜಿನಾಚೆಗೆ. ಗಾಜಿನಾಚೆ ನಿಜವಾಗಿಯೂ ಅವ್ವ ಇದ್ದಳು. ದೀಪದ ಸರದ ಕೆಳಗೆ, ಚಿಮಣಿಯ ಬುಡಕ್ಕೆ ಒರಗಿ ಕೂತಿದ್ದಳು. ಅವಳ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಕರಿಯಣ್ಣ ಪಕ್ಕದಲ್ಲಿ ನಿಂತಿದ್ದ. ಎಲ್ಲಿಡಬೇಕು ಅಂತ ಅವನಿಗೆ ಗೊತ್ತಾದಂತಿರಲಿಲ್ಲ.

ಬುಷ್ರಾ ಕೌಂಟರಿನ ಹಲಗೆ ಎತ್ತಿ ಈಚೆ ಬಂದಳು. ಯಶೋದಾಳ ಎದುರಿಗೆ ಒಂದು ಗಳಿಗೆ ನಿಂತಳು.

“ಒಂಚೂರು ಉಳ್ಸು ಅಕ್ಕಾ” ಅಂದು, ಪಕ್ಕದಲ್ಲಿ ಕುಸಿದು ಕೂತಳು.

“ನಿಂದೇನೇ ಈಗ?” ಬಸವಕಿರಣನ ದನಿ ಸೀಳಿತು.

“ಕಾಲು ಸಾರ್” ಅಂದಳು ಬುಷ್ರಾ. ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಳು. “ಕಾಲು.”

ಬಾಟಲಿ ಕೈ ಬದಲಾಯಿತು. ರೇಷ್ಮೆ ಕೌಂಟರಿನ ಉಳಿದ ಹೆಂಗಸರು ಮಡಚುತ್ತಿದ್ದ ಸೀರೆಗಳನ್ನು ಹಾಗೇ ಹಿಡಿದು ನಿಂತಿದ್ದರು. ಅವರಲ್ಲಿ ಯಾರೂ ಕೂರಲಿಲ್ಲ. ಯಾರೂ ಸೀರೆ ಮಡಚಲೂ ಇಲ್ಲ. ಶರ್ಟಿಂಗ್ ಕೌಂಟರಿನಲ್ಲಿ ನಗು ಇರಲಿಲ್ಲ. ಬಸವಕಿರಣನ ಕೈಯಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವನು ಅದನ್ನು ಎತ್ತದೆ, ಕ್ಯಾಮೆರಾವನ್ನೂ ನೋಡದೆ, ಇಬ್ಬರ ಮುಂದೆ ಬಗ್ಗಿ ಹಲ್ಲು ಕಚ್ಚಿ ಹೇಳಿದ:

“ಎದ್ದೇಳ್ರೇ. ದಮ್ಮಯ್ಯ, ಎದ್ದೇಳ್ರಿ.”

ಯಶೋದಾ ಎದ್ದೇಳಬಹುದೇ ಅಂತ ಕಾಲುಗಳನ್ನು ಕೇಳಿ ನೋಡಿದಳು. ಕಾಲುಗಳು ಉತ್ತರ ಕೊಡಲಿಲ್ಲ. ಮರಗಟ್ಟಿದ್ದವು. ಅವು ಏಳಲಾರವೋ, ತಾನು ಏಳಲಾರೆನೋ, ಅವಳಿಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮುಂಬಾಗಿಲ ಗಾಜು ಸರಿಯಿತು. ಕಡರನಾಯಕನಹಳ್ಳಿಯ ಪಾರ್ಟಿ ಒಳಗೆ ಬಂತು. ಮದುಮಗಳು, ಅವಳ ತಾಯಿ, ಬೆನ್ನ ಹಿಂದೆ ಅತ್ತೆಯರು ಚಿಕ್ಕಮ್ಮಂದಿರು. ಬಿಸಿಲಿನಿಂದ ಬಂದವರು ಎಸಿಯ ತಂಪಿಗೆ “ಅಬ್ಬಾ” ಅಂದರು. ಬ್ರೈಡಲ್ ವಿಭಾಗದವರೆಗೆ ನಡೆದು ಬಂದು, ಸೋಫಾ ನೋಡಿ, ಅದರ ಪಕ್ಕ ನೆಲದ ಮೇಲೆ ಕೂತ ಇಬ್ಬರು ಹೆಂಗಸರನ್ನು ನೋಡಿ, ಅಲ್ಲೇ ನಿಂತರು.

ಯಶೋದಾ ತಲೆ ಎತ್ತಿದಳು. ಒದ್ದೆಯಾಗಿದ್ದ ಗಲ್ಲವನ್ನು ಕಂಪನಿಯ ಸೆರಗಿನಿಂದ ಒರೆಸಿಕೊಂಡಳು. ಎದುರಿಗಿದ್ದ, ತಾನು ಒರೆಸಿದ ನೆಲದ ಮೇಲೆ ಅಂಗೈ ಇಟ್ಟಳು.

“ಬರ್ರಿ” ಅಂದಳು. “ಕೂಡ್ರಿ.”